ಗಜನಿಯ ಬಾಗಿಲು ಯಾರ ಕೈಯಲ್ಲಿ

ಕುಮಟಾ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಭೂಗೋಳ ಕಲಿಸುವ ನಾನು ಮಕ್ಕಳನ್ನು ಅಘನಾಶಿನಿ ಅಳಿವೆಗೆ ಕರೆದೊಯ್ಯುವಾಗ ಅವರ ಕೈಯಲ್ಲಿ ಒಂದೇ ಪ್ರಶ್ನೆ ಇಡುತ್ತೇನೆ: ಇಲ್ಲಿ ಮನುಷ್ಯನ ಕೈ ಎಲ್ಲೆಲ್ಲಿ ಬಿದ್ದಿದೆ? ಮಕ್ಕಳು ಮೊದಲು ಪ್ಲಾಸ್ಟಿಕ್ ಚೀಲ ಹುಡುಕುತ್ತಾರೆ, ಹರಿದ ನೈಲಾನ್ ಬಲೆ ತೋರಿಸುತ್ತಾರೆ, ತದಡಿ ಬಂದರಿನ ದೋಣಿಗಳಿಂದ ತೇಲಿಬಂದ ಎಣ್ಣೆಪದರವನ್ನು ಬರೆದುಕೊಳ್ಳುತ್ತಾರೆ. ಬಳಿಕ ಹಸಿರು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕಡೆ ಕೈ ಚಾಚಿ, ‘ಸರ್, ಅದು ನಿಸರ್ಗ’ ಎನ್ನುತ್ತಾರೆ. ನನ್ನ ಪಾಠ ಶುರುವಾಗುವುದೇ ಅಲ್ಲಿಂದ.

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಒಂದೂ ಅಣೆಕಟ್ಟಿಲ್ಲದೆ ಸಮುದ್ರ ಸೇರುವ ನದಿ ಇದು. ಆದರೆ ಅಣೆಕಟ್ಟಿಲ್ಲ ಎಂದ ಮಾತ್ರಕ್ಕೆ ಈ ಅಳಿವೆಯನ್ನು ಮನುಷ್ಯ ಮುಟ್ಟಿಲ್ಲ ಎಂದಲ್ಲ. ಉಬ್ಬರದ ನೀರು ಹರಡುವ ತಗ್ಗು ನೆಲಕ್ಕೆ ಇಲ್ಲಿನವರು ತಲೆಮಾರುಗಳ ಹಿಂದೆಯೇ ಮಣ್ಣಿನ ಒಡ್ಡು ಹಾಕಿ ಗದ್ದೆ ಮಾಡಿಕೊಂಡರು. ಅದೇ ಗಜನಿ. ಒಡ್ಡಿನ ನಡುವೆ ಮರದ ಹಲಗೆಯ ಬಾಗಿಲು. ನದಿ ಇಳಿದಾಗ ಒಳಗಿನ ನೀರೇ ಅದನ್ನು ಹೊರಕ್ಕೆ ತಳ್ಳಿ ಹರಿದುಹೋಗುತ್ತದೆ. ಉಬ್ಬರ ಏರಿದಾಗ ಹೊರಗಿನ ನೀರು ಒತ್ತಿ ಅದನ್ನು ಮುಚ್ಚುತ್ತದೆ. ಬೆಳೆ ಇರುವಾಗ ಕಾವಲುಗಾರ ಬೇಡ, ಯಂತ್ರ ಬೇಡ. ಇದನ್ನು ನೋಡಿದಾಗಲೆಲ್ಲ ನನಗೆ ಆ ಹೆಸರಿಲ್ಲದ ಬಡಗಿಗಳ ಮೇಲೆ ಗೌರವ ಉಕ್ಕುತ್ತದೆ.

ಜೂನ್ ಮಳೆ ನೆಲದ ಉಪ್ಪನ್ನು ತೊಳೆದ ಮೇಲೆ ಬಿತ್ತುತ್ತಿದ್ದುದು ಕಗ್ಗ. ಉಪ್ಪುನೀರು ನುಗ್ಗಿದರೂ ಸಾಯದ, ಆಳೆತ್ತರಕ್ಕೆ ಬೆಳೆಯುವ ಭತ್ತ. ಗೊಬ್ಬರ ಹಾಕುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ಮಳೆಗಾಲ ಮುಗಿದ ಮೇಲೆ ಬರೀ ತೆನೆ ಕೊಯ್ದು, ಹುಲ್ಲನ್ನು ನೀರಿನಲ್ಲೇ ಬಿಡುತ್ತಿದ್ದರು. ಆಮೇಲೆ ಬಾಗಿಲನ್ನು ಜನರೇ ತೆರೆದಿಟ್ಟು ಉಪ್ಪುನೀರನ್ನು ಒಳಬಿಡುತ್ತಿದ್ದರು. ನೀರಿನ ಜೊತೆ ಹೂಳು ಬರುತ್ತಿತ್ತು, ಮೀನುಮರಿ ಬರುತ್ತಿತ್ತು, ಶೆಟ್ಲಿ (ಸಿಗಡಿ) ಬರುತ್ತಿತ್ತು. ಕೊಳೆಯುವ ಹುಲ್ಲು ಅವಕ್ಕೆ ಆಹಾರ, ಅವುಗಳ ಹಿಂದೆ ಬರುವ ಹಕ್ಕಿಗಳಿಗೂ ಪಾಲು. ಗಜನಿ ಅಂಚಿನ ಒಬ್ಬ ಅಜ್ಜಿ ನನ್ನ ವಿದ್ಯಾರ್ಥಿಗೆ ಹೇಳಿದ್ದು: ‘ನಾವು ಮಣ್ಣು ಹೊತ್ತು ಒಡ್ಡು ಹಾಕೂದು ಹೌದು ತಮಾ. ಗದ್ದೆಗೆ ಗೊಬ್ಬರ ಹಾಕೂದು ಮಾತ್ರ ಹೊಳೆ.’ ಹುಡುಗ ಅದನ್ನು ಹಾಗೆಯೇ ಬರೆದುಕೊಂಡ. ನಾನೂ ತಿದ್ದಲಿಲ್ಲ.

ಮಣ್ಣಿನ ಒಡ್ಡು ಪ್ರತಿ ವರ್ಷ ಕುಸಿಯುತ್ತಿತ್ತು. ಹಾಗಾಗಿ ಪ್ರತಿ ವರ್ಷ ಊರು ಒಟ್ಟುಗೂಡಬೇಕಿತ್ತು. ಅಲೆಯ ಹೊಡೆತ ತಡೆಯಲು ಒಡ್ಡಿನ ಹೊರಬದಿಯಲ್ಲಿ ಕಾಂಡ್ಲಾವನ್ನೂ ಉಳಿಸಿಕೊಳ್ಳಬೇಕಿತ್ತು. 1970ರ ದಶಕದಲ್ಲಿ ಖಾರ್‌ಲ್ಯಾಂಡ್ ಎಂಬ ಉಪ್ಪುನೆಲ ರಕ್ಷಣಾ ಯೋಜನೆಯಲ್ಲಿ ಸರ್ಕಾರ ಕಲ್ಲಿನ ಕಾಯಂ ಒಡ್ಡು ಕಟ್ಟಿಸಿತು. ಬೆಳೆ ಉಳಿಸುವ ಉದ್ದೇಶ ಒಳ್ಳೆಯದೇ. ಆದರೆ ಕಲ್ಲು ಬಂದ ಮೇಲೆ ಊರಿನ ಕೂಡು ದುಡಿಮೆಗೂ ಕಾಂಡ್ಲಾ ಸಾಲಿಗೂ ಮೊದಲಿನ ಅಗತ್ಯ ಉಳಿಯಲಿಲ್ಲ. ಶೆಟ್ಲಿಗೆ ರಫ್ತು ಬೆಲೆ ಬಂದಾಗ ಗಜನಿಯ ಮೀನಿನ ಹಕ್ಕು ಗುತ್ತಿಗೆಗೆ ಹೋಯಿತು. ಗುತ್ತಿಗೆದಾರನಿಗೆ ಉಪ್ಪುನೀರು ಹೆಚ್ಚು ದಿನ ನಿಂತಷ್ಟೂ ಲಾಭ. ರೈತನಿಗೆ ಅದು ಜೂನ್‌ಗೆ ಮೊದಲೇ ಹೊರಹೋಗಬೇಕು. ಈ ಜಗ್ಗಾಟದಲ್ಲಿ ಸೋತದ್ದು ಕಗ್ಗ. ಒಮ್ಮೆ ಬಿತ್ತನೆ ತಪ್ಪಿದರೆ ಬೀಜವೂ ತಪ್ಪುತ್ತದೆ, ಏಕೆಂದರೆ ಈ ಬೀಜ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಮಾಣಿಕಟ್ಟಾದಂಥ ಕಡೆ ರೈತರು ಒಟ್ಟಾಗಿ ಅದನ್ನು ಉಳಿಸಿಕೊಂಡಿದ್ದಾರೆ ಎಂಬುದು ದೊಡ್ಡ ಸಮಾಧಾನ.

ಈ ನಡುವೆ ಸಿಗಡಿ ಕೃಷಿಗೆ ಕಾನೂನಿನ ಕಡಿವಾಣವೂ ಬಂತು. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂದದ್ದು 1991ರಲ್ಲಿ. ಆ ವಲಯದಲ್ಲಿ ಹೊಂಡ ತೋಡಿ ನಡೆಸುವ ಸಿಗಡಿ ಕೃಷಿ ಕೂಡದೆಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು, ಸಾಂಪ್ರದಾಯಿಕ ಪದ್ಧತಿಗೆ ವಿನಾಯಿತಿ ಇಟ್ಟಿತು. ಕೃಷಿಗೂ ಸಿಗಡಿಗೂ ಬೇಡವಾಗಿ ಪಾಳು ಬಿದ್ದ ಗಜನಿಗಳಲ್ಲಿ, ಒಡ್ಡು ಒಡೆದ ಕಡೆ, ಕಾಂಡ್ಲಾ ತಾನಾಗಿ ಮೊಳೆಯಿತು. ಬೇರೆ ಕಡೆ ಅರಣ್ಯ ಇಲಾಖೆ ಸಾಲಾಗಿ ನೆಟ್ಟಿತು. ಹೀಗಾಗಿ ಮಕ್ಕಳು ನಿಸರ್ಗವೆಂದು ತೋರಿಸುವ ಹಸಿರಿನಲ್ಲಿ ಎಷ್ಟೋ ಭಾಗ ಅವರ ಅಪ್ಪ-ಅಮ್ಮನಿಗಿಂತ ಚಿಕ್ಕದು. ಕೆಸರಿಗಿಳಿದು ನೋಡಿದರೆ ಗಿಡಗಳ ನಡುವೆ ಹಳೆಯ ಗದ್ದೆಯ ಬದು ಕಾಲಿಗೆ ಸಿಗುತ್ತದೆ.

ಆದ್ದರಿಂದ ನಮ್ಮ ಕ್ಷೇತ್ರಕಾರ್ಯಕ್ಕೆ ಉಬ್ಬರದ ವೇಳಾಪಟ್ಟಿ ಮತ್ತು ಅಳತೆಪಟ್ಟಿಯಷ್ಟೇ ಸಾಲದು. ಮಕ್ಕಳು ಒಡ್ಡಿನ ಎತ್ತರ ಅಳೆಯುತ್ತಾರೆ, ಒಳಗಿನ ಮತ್ತು ಹೊರಗಿನ ನೀರು ತುಂಬಿಕೊಂಡು ಉಪ್ಪಿನಂಶ ಹೋಲಿಸುತ್ತಾರೆ, ನದಿಯಂಚಿನಿಂದ ಗದ್ದೆಯವರೆಗೆ ಹಗ್ಗ ಎಳೆದು ದಾರಿಯಲ್ಲಿ ಸಿಕ್ಕ ಗಿಡ ಮತ್ತು ಬೆಳಚು (ಚಿಪ್ಪುಜೀವಿ) ಎಣಿಸುತ್ತಾರೆ. ಬಳಿಕ ಹಿರಿಯರ ಮನೆಗೆ ಹೋಗಿ ಕೇಳುತ್ತಾರೆ: ಈ ಬಾಗಿಲನ್ನು ಆಗ ತೆರೆಯುತ್ತಿದ್ದವರು ಯಾರು, ಈಗ ಯಾರು, ಯಾವ ತಿಂಗಳು?

2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಎಂದು ಘೋಷಣೆಯಾಯಿತು. ಇದು ನನಗೆ ಹೆಮ್ಮೆಯ ಸಂಗತಿ. ಮುಂದೆ ಇಲ್ಲಿಗೆ ನಿರ್ವಹಣಾ ಯೋಜನೆ ಬರೆಯುವವರು ಹಕ್ಕಿ ಮತ್ತು ಗಿಡಗಳ ಪಟ್ಟಿಯ ಪಕ್ಕದಲ್ಲೇ ಪ್ರತಿ ಗಜನಿಯ ಬಾಗಿಲನ್ನೂ ಗುರುತಿಸಬೇಕು. ಅದನ್ನು ತೆರೆಯುವ ಮುಚ್ಚುವ ದಿನ ಗೊತ್ತುಮಾಡುವಾಗ ಕಗ್ಗ ಬಿತ್ತುವವರನ್ನು ಮೊದಲು ಕೂರಿಸಿ ಕೇಳಬೇಕು. ಆ ಬಾಗಿಲುಗಳಲ್ಲಿ ಕೆಲವನ್ನು ನಮ್ಮ ಮಕ್ಕಳು ಈಗಾಗಲೇ ನಕ್ಷೆಯಲ್ಲಿ ಗುರುತಿಸಿದ್ದಾರೆ. ಬೇಕೆಂದವರಿಗೆ ಕೊಡಲು ಸಿದ್ಧರಿದ್ದೇವೆ.