ತಾತನ ಇಸಿಜಿ ಮತ್ತು ಮೊಲದ ಕಿವಿ

ಇಲ್ಲಿ ಏನಾದರೂ ಗೀಚಿ ಬಹಳ ದಿನಗಳಾದವು. ಆಫೀಸಿನ ರಿಲೀಸು ಒಂದು ಕಾರಣ, ಆಸ್ಪತ್ರೆ ಓಡಾಟ ಇನ್ನೊಂದು. ಈ ಬರಹ ಹುಟ್ಟಿದ್ದು ಆ ಓಡಾಟದಲ್ಲೇ. ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಿ.

ನಮ್ಮ ತಾತ ಬಿನ್ನಿ ಮಿಲ್ಲಿನ ಬಾಯ್ಲರ್ ಮನೆಯಲ್ಲಿ ಕೆಲಸಕ್ಕಿದ್ದವರು. 1884ರಲ್ಲಿ ಶುರುವಾದ ಈ ಮಿಲ್ಲಿನಿಂದಲೇ ನಮ್ಮ ಬಿನ್ನಿಪೇಟೆಗೆ ಆ ಹೆಸರು. ಈಗ ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ನಿಂತಿವೆ. ತಾತ 'ಪ್ರೆಷರ್' ಅನ್ನೋ ಪದ ಕಲಿತದ್ದು ಅಲ್ಲೇ. ಹಾಗಾಗಿ ಬಿಪಿ ಅಂದರೆ ಪಂಪಿನ ಕಾಯಿಲೆ ಅಂತ ಅವರ ಲೆಕ್ಕ. ಎರಡು ವರ್ಷದ ಹಿಂದೆ ಇಸಿಜಿ ಮಾಡಿಸಿದೆವು, ನಾರ್ಮಲ್ ಬಂತು. "ನೋಡಪ್ಪಾ, ಪಂಪು ಗಟ್ಟಿಯಾಗಿದೆ. ಇನ್ಯಾಕೆ ದಿನಾ ಮಾತ್ರೆ?" ಅಂದರು. ಎಂಜಿನಿಯರಿಂಗ್ ಓದಿದ ನಾನೂ ತಲೆಯಾಡಿಸಿದೆ. ಮಾತ್ರೆ ನಿಂತಿತು. ಐದು ತಿಂಗಳಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು.

ನಾನು ತಲೆಯಾಡಿಸಿದ್ದರಲ್ಲಿ ತಪ್ಪೆಲ್ಲಿತ್ತು ಅಂತ ಹುಡುಕುತ್ತಾ ಹೋದರೆ, ಅದು ಬಹಳ ಹಳೆಯ ತಪ್ಪು ಅಂತ ಗೊತ್ತಾಯ್ತು.

ರಕ್ತದ ಒತ್ತಡವನ್ನು ಅಳೆದು ಬರೆದಿಟ್ಟ ಮೊದಲಿಗ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಹೆಣ್ಣು ಕುದುರೆಯೊಂದರ ಧಮನಿಗೆ ಹಿತ್ತಾಳೆ ಕೊಳವೆ ತೂರಿಸಿ, ಅದಕ್ಕೆ ಉದ್ದನೆಯ ಗಾಜಿನ ನಳಿಗೆ ಜೋಡಿಸಿದರು. ರಕ್ತ 8 ಅಡಿ 3 ಇಂಚು ಏರಿತು (ಪಾಪ ಕುದುರೆ). ಇದನ್ನು ಅವರು ಪ್ರಕಟಿಸಿದ್ದು 1733ರಲ್ಲಿ. ಸುಮಾರು ನೂರು ವರ್ಷದ ನಂತರ, 1828ರಲ್ಲಿ, ಫ್ರಾನ್ಸಿನ ಪ್ವಾಸೈ ಗಾಜಿನ ನಳಿಗೆಯ ಬದಲು ಪಾದರಸದ ಮಾಪಕ ತಂದರು. ಅವರಿಗೆ ಕಂಡದ್ದು ವಿಚಿತ್ರ. ಹೃದಯದ ಹತ್ತಿರದ ಧಮನಿಯಲ್ಲೂ ದೂರದ ಧಮನಿಯಲ್ಲೂ ಒತ್ತಡ ಹೆಚ್ಚುಕಮ್ಮಿ ಒಂದೇ! ಹಾಗಾದರೆ ಒತ್ತಡ ಇಳಿಯುವುದೆಲ್ಲಿ? ಕಣ್ಣಿಗೂ ಸರಿಯಾಗಿ ಕಾಣದ ಕಿರುಧಮನಿಗಳಲ್ಲಿ.

ಆಮೇಲೆ ಪ್ವಾಸೈ ಸಣ್ಣ ಗಾಜಿನ ಕೊಳವೆಗಳಲ್ಲಿ ದ್ರವ ಹರಿಸಿ ಒಂದು ನಿಯಮ ಕಂಡುಕೊಂಡರು. ಕಾಲೇಜಿನಲ್ಲಿ ನಾನು ಉರು ಹೊಡೆದಿದ್ದು ಅದನ್ನೇ. ಹರಿವು ಕೊಳವೆಯ ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಗುಣ. ಅಂದರೆ ತ್ರಿಜ್ಯ ಅರ್ಧಕ್ಕೆ ಇಳಿದರೆ, ಅದೇ ಒತ್ತಡದಲ್ಲಿ ಹರಿವು ಹದಿನಾರನೇ ಒಂದು ಭಾಗ. ಹರಿವು ಎರಡರಷ್ಟಾಗಲು ತ್ರಿಜ್ಯ ಶೇ. 19ರಷ್ಟು ಹಿಗ್ಗಿದರೆ ಸಾಕು. ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಅಂಕ ತಗೊಂಡಿದ್ದೆ. ತಾತನ ಮೈಯಲ್ಲೂ ಇದೇ ಲೆಕ್ಕ ಓಡುತ್ತಿದೆ ಅಂತ ಹೊಳೆಯಲಿಲ್ಲ. ಕಿರುನಾಳಗಳು ಬಿಗಿದುಕೊಂಡರೆ ಪಂಪು ಎಷ್ಟೇ ಚೆನ್ನಾಗಿದ್ದರೂ ಹಿಂದಿನ ಪೈಪಿನಲ್ಲಿ ಒತ್ತಡ ಏರುತ್ತದೆ. (ಮೂತ್ರಪಿಂಡದ ಪಾಲೂ ದೊಡ್ಡದೇ, ಅದು ಇನ್ನೊಂದು ಪೋಸ್ಟಿಗೆ.) ಇಸಿಜಿ ತೋರಿಸುವುದು ಹೃದಯದ ವಿದ್ಯುತ್ತನ್ನು. ಒತ್ತಡ ಎಷ್ಟಿದೆ ಅಂತ ಅದು ಹೇಳುವುದಿಲ್ಲ.

ಸರಿ, ಈ ನಾಳಗಳನ್ನು ಬಿಗಿ ಮಾಡುವವರು ಯಾರು? 1851ರಲ್ಲಿ ಪ್ಯಾರಿಸಿನ ಕ್ಲಾಡ್ ಬರ್ನಾರ್ಡ್ ಮೊಲವೊಂದರ ಕತ್ತಿನ ನರ ಕತ್ತರಿಸಿದರು. ಕಿವಿ ತಣ್ಣಗಾಗುತ್ತದೆ ಅಂತ ಅವರ ನಿರೀಕ್ಷೆ. ಆದರೆ ಆ ಬದಿಯ ಕಿವಿ ಕೆಂಪಗಾಗಿ ಬಿಸಿಯಾಯಿತು. ಮರುವರ್ಷ ಅದೇ ನರಕ್ಕೆ ವಿದ್ಯುತ್ ಕೊಟ್ಟು ನೋಡಿದಾಗ ಕಿವಿ ಬಿಳಿಚಿ ತಣ್ಣಗಾಯಿತು. ನಮ್ಮ ಬೀದಿಯಲ್ಲಿ ನೀರು ಬಿಡುವವನು ಕೀಲಿ ತಿರುಗಿಸುತ್ತಾನಲ್ಲ, ಹಾಗೆ ನರ ಸದಾ ನಾಳದ ವಾಲ್ವನ್ನು ಒಂದಷ್ಟು ಬಿಗಿ ಹಿಡಿದಿರುತ್ತದೆ.

ನೀರಿನ ಮಾತು ಬಂತು ಅಂತ ಒಂದು ಕಾಕತಾಳೀಯ ಹೇಳಿಬಿಡುತ್ತೇನೆ. ಹೆಸರಘಟ್ಟದ ನೀರು ಸೋಲದೇವನಹಳ್ಳಿಯ ಹಬೆ ಪಂಪು ಹತ್ತಿ ಬೆಂಗಳೂರಿನ ಪೈಪುಗಳಿಗೆ ಬಂದದ್ದು 1896ರಲ್ಲಿ. ಅದೇ ವರ್ಷ ಇಟಲಿಯ ಟ್ಯೂರಿನ್‌ನಲ್ಲಿ ರಿವಾ-ರೋಚಿ ಎಂಬ ವೈದ್ಯ ಸೈಕಲ್ ಟ್ಯೂಬನ್ನು ತೋಳಿಗೆ ಸುತ್ತಿ, ಪಾದರಸದ ಮಾಪಕಕ್ಕೆ ಜೋಡಿಸಿ, ಚರ್ಮ ಕೊಯ್ಯದೇ ಬಿಪಿ ಅಳೆಯುವ ಪಟ್ಟಿ ಮಾಡಿದರು. ಊರಿಗೆ ಪ್ರೆಷರಿನ ನೀರು, ಜನಕ್ಕೆ ಪ್ರೆಷರಿನ ಪಟ್ಟಿ :)

ಅಳೆಯುವುದೇನೋ ಬಂತು, ಇಳಿಸುವುದು ಹೇಗೆ? ಇಲ್ಲಿ ನಮ್ಮ ದೇಶದ ಗಿಡವೊಂದು ಬರುತ್ತದೆ. ಸರ್ಪಗಂಧ, ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಪುಟ್ಟ ಗಿಡ. 1931ರಲ್ಲಿ ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಇದರ ಬೇರು ಬುದ್ಧಿಭ್ರಮಣೆಗೂ ರಕ್ತದೊತ್ತಡಕ್ಕೂ ಮದ್ದು ಅಂತ ಬರೆದರು. ಜಗತ್ತು ಕಿವಿಗೊಡಲಿಲ್ಲ. 1949ರಲ್ಲಿ ಬೊಂಬಾಯಿಯ ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳ ಲೆಕ್ಕವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಮೇಲೆ ಕಣ್ಣು ತೆರೆಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಬೇರಿನಿಂದ ರೆಸರ್ಪಿನ್ ತೆಗೆದರು. ನಾಳವನ್ನು ಬಿಗಿ ಹಿಡಿಯುವ ನರದ ತುದಿಯಲ್ಲಿ ಕೂಡಿಟ್ಟ ನಾರ್‌ಅಡ್ರಿನಲಿನ್ ಖಾಲಿ ಮಾಡುವುದೇ ಅದರ ಕೆಲಸ. ಬರ್ನಾರ್ಡ್ ಕತ್ತರಿಯಿಂದ ಮಾಡಿದ್ದನ್ನು ಇದು ಮಾತ್ರೆಯಿಂದ ಮಾಡಿತು!

ಇದನ್ನು ಓದಿ ನನಗೆ ಹೆಮ್ಮೆಯೇನೋ ಆಯ್ತು. ಅಷ್ಟರಲ್ಲಿ ನಮ್ಮ ನೆಂಟರೊಬ್ಬರು "ಇಂಗ್ಲಿಷ್ ಮಾತ್ರೆ ಯಾಕೆ, ಬೇರಿನ ಪುಡಿ ಕೊಡಿ" ಅಂತ ಒಂದು ಪೊಟ್ಟಣವನ್ನೇ ತಂದುಬಿಟ್ಟರು. ಐವತ್ತರ ದಶಕದಲ್ಲಿ ರೆಸರ್ಪಿನ್ ತಿಂದವರಲ್ಲಿ ಕೆಲವರು ತೀವ್ರ ಖಿನ್ನತೆಗೆ ಬಿದ್ದ ವರದಿಗಳಿವೆ. ಮೆದುಳಿನಲ್ಲೂ ಅದು ಅದೇ ಕೆಲಸ ಮಾಡುತ್ತದಲ್ಲ. ಮುಂದೆ ಬೇರೆ ಮಾತ್ರೆಗಳು ಬಂದು ಇದರ ಬಳಕೆ ತಗ್ಗಿತು. ಮೊದಲೇ ಕೈ ಹೋಗಿ ಮಾತು ಕಡಿಮೆ ಮಾಡಿರುವ ತಾತನಿಗೆ ಆ ಪುಡಿ ಕೊಡುವ ಧೈರ್ಯ ನನಗಿಲ್ಲ. ಪೊಟ್ಟಣ ವಾಪಸ್ ಕಳಿಸಿದೆ, ನೆಂಟರು ಮುನಿಸಿಕೊಂಡಿದ್ದಾರೆ.

ಈಗ ದಿನಾ ಬೆಳಿಗ್ಗೆ ತಾತನ ಎಡತೋಳಿಗೆ ಪಟ್ಟಿ ಸುತ್ತುತ್ತೇನೆ. ಯಂತ್ರದ ಅಂಕಿ ಏರಿ ಇಳಿಯುವವರೆಗೂ, ಬಾಯ್ಲರಿನ ಗೇಜು ನೋಡುತ್ತಿದ್ದ ಹಾಗೆ, ಅವರು ಕಣ್ಣು ತೆಗೆಯುವುದಿಲ್ಲ. ಮೊಲದ ಕಿವಿಯ ಕಥೆ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದು, ತೊದಲುತ್ತಾ ಕೇಳಿದರು: "ಅಂದ್ರೆ ಪಂಪಲ್ಲ... ವಾಲ್ವು?"

ಹೂಂ ತಾತ ಅಂದೆ. ಎಡಗೈ ಚಾಚಿ ಮಾತ್ರೆ ಇಸಕೊಂಡರು.