ಬಿದಿರಿನ ಊರು, ಕೋಲಿನ ಹೆಸರು

ಹಳೆಯ ಗಾಳದ ಕೋಲುಗಳನ್ನು ಸಂಗ್ರಹಿಸುವವರ ಮಾತಿನಲ್ಲಿ ಎರಡು ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಒಂದು ‘ಕಲ್ಕತ್ತಾ ಕೇನ್’, ಇನ್ನೊಂದು ‘ಟಾಂಕಿನ್ ಕೇನ್’. ಕಲ್ಕತ್ತಾ ಒಂದು ಬಂದರು. ಅಲ್ಲಿ ಹಡಗು ಹತ್ತಿದ ಬಿದಿರು ಬೆಳೆದದ್ದು ಬೇರೆ ಕಾಡುಗಳಲ್ಲಿ. ಟಾಂಕಿನ್ ಎಂಬುದು ಉತ್ತರ ವಿಯೆಟ್ನಾಂಗೆ ಯುರೋಪಿಯನ್ನರು ಕರೆಯುತ್ತಿದ್ದ ಹೆಸರು. ಆದರೆ ಆ ಹೆಸರಿನ ಬಿದಿರು ಬರುವುದು ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತದಿಂದ. ‘ಕೇನ್’ ಎಂಬ ಪದದ ಕಥೆಯೂ ಅಷ್ಟೇ. ಕನ್ನಡದಲ್ಲಿ ಬೆತ್ತ ಬೇರೆ, ಬಿದಿರು ಬೇರೆ. ಇಂಗ್ಲಿಷಿನ ‘ಕೇನ್’ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ‘ಸ್ಪ್ಲಿಟ್ ಕೇನ್’ ಎಂದರೆ ನಮ್ಮ ಲೆಕ್ಕದಲ್ಲಿ ಸೀಳು ಬಿದಿರು.

ವಸಾಹತು ಕಾಲದಲ್ಲಿ ಕಾಡಿನ ಉತ್ಪನ್ನಗಳು ಹೇಗೆ ಸರಕಾದವು ಎಂಬುದು ನನ್ನ ಪಿಎಚ್.ಡಿ. ವಿಷಯ. ಅರಣ್ಯ ಇಲಾಖೆಯ ಹಳೆಯ ವರದಿಗಳಲ್ಲಿ ಬಿದಿರು ಕಾಣಿಸುವುದು ಗಳಗಳ ಸಂಖ್ಯೆಯಾಗಿ, ಬಂದ ಆದಾಯವಾಗಿ. ಕಾಡಿನಿಂದ ಹೊರಬಿದ್ದ ಮೇಲೆ ಅದು ಏನಾಯಿತು ಎಂದು ಹುಡುಕುತ್ತಾ ಹೋದಾಗ ಬುಟ್ಟಿ, ಏಣಿ, ಕಾಗದಗಳ ಜೊತೆಗೆ ಈ ಗಾಳದ ಕೋಲೂ ಎದುರಾಯಿತು. ಬಿದಿರಿನಿಂದ ಮಾಡಿದ ವಸ್ತುಗಳಲ್ಲಿ ಇಷ್ಟೊಂದು ಸೂಕ್ಷ್ಮವಾದದ್ದು ಅಪರೂಪ. ಇದರ ಚರಿತ್ರೆಯನ್ನು ಬರೆದವರು ಯಾರ ಹೆಸರನ್ನು ಉಳಿಸಿಕೊಂಡರು, ಯಾರದನ್ನು ಬಿಟ್ಟರು ಎಂಬುದು ಈ ಬರಹದ ಪ್ರಶ್ನೆ.

ಮೊದಲು ಕೋಲನ್ನೇ ನೋಡೋಣ. ಇಡಿಯಾದ ಬಿದಿರಿನ ಗಳವೂ ಗಾಳಕ್ಕೆ ಆಗುತ್ತದೆ. ನಮ್ಮ ಕೆರೆ ಹೊಳೆಗಳಲ್ಲಿ ಇಂದಿಗೂ ಅದೇ ಇದೆ. ಆದರೆ ಗಳದ ದಪ್ಪ, ಬಾಗು, ಗಿಣ್ಣುಗಳ ಅಂತರ ಪ್ರಕೃತಿ ಕೊಟ್ಟಂತೆ. ಸೀಳು ಬಿದಿರಿನ ಕೋಲಿನಲ್ಲಿ ಇವೆಲ್ಲವನ್ನೂ ಕುಶಲಕರ್ಮಿ ತಾನೇ ನಿರ್ಧರಿಸುತ್ತಾನೆ. ಗಳವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳನ್ನು ಕೆತ್ತಿ ತೆಗೆದು, ಗಿಣ್ಣುಗಳನ್ನು ಸಮ ಮಾಡಿ, ಒಂದೊಂದು ಸೀಳನ್ನೂ ತ್ರಿಕೋನಾಕಾರಕ್ಕೆ ಹತ್ತರಿ ಹೊಡೆಯುತ್ತಾರೆ. ಮೂರೂ ಕೋನಗಳು 60 ಡಿಗ್ರಿ. ಅಂಥ ಆರು ಸೀಳುಗಳನ್ನು ಜೋಡಿಸಿ ಅಂಟಿಸಿದರೆ ಷಟ್ಕೋನದ ಕೋಲು ಸಿದ್ಧವಾಗುತ್ತದೆ. ಆರು ಸೀಳುಗಳ ಗಿಣ್ಣುಗಳು ಒಂದೇ ಜಾಗಕ್ಕೆ ಬರಬಾರದು; ಬಂದರೆ ಕೋಲು ಅಲ್ಲೇ ಮುರಿಯುತ್ತದೆ. ಅದಕ್ಕಾಗಿ ಅವನ್ನು ಹಿಂದೆ ಮುಂದೆ ಸರಿಸಿ ಹೊಂದಿಸುತ್ತಾರೆ. ಬುಡದಿಂದ ತುದಿಗೆ ಕೋಲು ಸಣ್ಣದಾಗುತ್ತಾ ಹೋಗಬೇಕು. ನೊಣದ ಗಾಳದ ಕೋಲಿನ ತುದಿಯ ದಪ್ಪ 2 ಮಿಲಿಮೀಟರಿನ ಆಸುಪಾಸು. ಅಂದರೆ ಅಲ್ಲಿ ಒಂದೊಂದು ಸೀಳು ಸುಮಾರು 1 ಮಿಲಿಮೀಟರ್. ಅಳತೆಯನ್ನು ಅಂಗುಲದ ಸಾವಿರದ ಭಾಗದಲ್ಲಿ ಹೇಳುತ್ತಾರೆ.

ಇಷ್ಟೆಲ್ಲಾ ಕೆತ್ತಿದರೂ ಒಂದು ಮುಖವನ್ನು ಮಾತ್ರ ಹತ್ತರಿ ಮುಟ್ಟುವುದಿಲ್ಲ, ಹೊರಗಿನ ಸಿಪ್ಪೆಯ ಮುಖ. ಬಿದಿರಿನ ನಾರು ಹೊರಮೈಗೆ ಹತ್ತಿರವಾದಂತೆ ಒತ್ತಾಗುತ್ತದೆ, ಒಳಗೆ ಹೋದಂತೆ ವಿರಳವಾಗುತ್ತದೆ. ಕೋಲಿನ ಬಲವೆಲ್ಲಾ ಆ ಹೊರ ಪದರದ್ದು. ಸೀಳಿ ಜೋಡಿಸುವುದರ ಉದ್ದೇಶವೇ ಪೊಳ್ಳು ಗಳದ ಹೊರ ಪದರವನ್ನಷ್ಟೇ ಆರಿಸಿ, ತಿರುಳಿಲ್ಲದ ಗಟ್ಟಿ ಕೋಲನ್ನು ಕಟ್ಟುವುದು. ಇಂಗ್ಲಿಷ್ ಪುಸ್ತಕಗಳಲ್ಲಿ ಇದನ್ನು ರೇಖಾಚಿತ್ರ ಹಾಕಿ ವಿವರಿಸಿರುತ್ತಾರೆ. ಮೈಸೂರಿನಲ್ಲಿ ಮೊರ ಹೆಣೆಯುತ್ತಿದ್ದ ಮೇದರ ಹಿರಿಯರೊಬ್ಬರನ್ನು ನಾನು ಕ್ಷೇತ್ರಕಾರ್ಯದ ನಡುವೆ ಕೇಳಿದೆ: “ತಾತ, ಒಳಗಿನದನ್ನು ಯಾಕೆ ಕೆತ್ತಿ ಬಿಸಾಕ್ತೀರಿ?” ಅವರು ಕತ್ತಿ ನಿಲ್ಲಿಸದೆಯೇ ಹೇಳಿದರು: “ಒಳಗಿರೋದು ಬರೀ ತಿರುಳು ಕಣವ್ವ, ಹುಳ ತಿನ್ನುತ್ತೆ. ಜೀವ ಇರೋದು ಸಿಪ್ಪೇಲಿ.” ಗಾಳದ ಕೋಲಿನ ಮೂಲಸೂತ್ರವೂ ಇದೇ.

ಈಗ ಇತಿಹಾಸಕ್ಕೆ ಬರೋಣ. ಪ್ರಚಲಿತ ಕಥನ ಅಮೆರಿಕದ ಪೆನ್ಸಿಲ್ವೇನಿಯಾದ ಈಸ್ಟನ್ ಪಟ್ಟಣದಲ್ಲಿ ಶುರುವಾಗುತ್ತದೆ. ಅಲ್ಲಿನ ಸ್ಯಾಮ್ಯುಯೆಲ್ ಫಿಲಿಪ್ ಬಂದೂಕು ತಯಾರಿಸುವವನು, ಪಿಟೀಲನ್ನೂ ಮಾಡುತ್ತಿದ್ದ. ತೆಳು ಮರವನ್ನು ಅಂಟಿಸಿ ನಾದ ಹೊರಡಿಸಬಲ್ಲ ಆ ಕೈ 1840ರ ದಶಕದಲ್ಲಿ ಬಿದಿರಿನ ಸೀಳುಗಳನ್ನು ಅಂಟಿಸಿ ಕೋಲು ಮಾಡತೊಡಗಿತು. ಸೀಳು ಬಿದಿರಿನ ತುದಿಗಳನ್ನು ಇಂಗ್ಲೆಂಡಿನಲ್ಲಿ ಅದಕ್ಕೂ ಮೊದಲೇ ಬಳಸುತ್ತಿದ್ದರು; ಇಡೀ ಕೋಲು ಸೀಳಿನಿಂದಲೇ ಆಗಬೇಕು ಎಂಬ ಹಾದಿ ಗಟ್ಟಿಯಾದದ್ದು ಅಮೆರಿಕದಲ್ಲಿ. 1870ರ ದಶಕದಲ್ಲಿ ಮೇಯ್ನ್ ರಾಜ್ಯದ ಹೈರಮ್ ಲೆನಾರ್ಡ್ ಸೀಳುಗಳನ್ನು ಕರಾರುವಾಕ್ಕಾಗಿ ಕೊರೆಯುವ ಯಂತ್ರ ರೂಪಿಸಿದ. ಅದನ್ನು ಬೀಗ ಹಾಕಿದ ಕೋಣೆಯಲ್ಲಿ ಇಟ್ಟಿದ್ದರು. ಅವನ ಕಾರ್ಖಾನೆಯಲ್ಲಿ ಪಳಗಿದವರು ಮುಂದೆ ತಮ್ಮದೇ ಹೆಸರಿನಲ್ಲಿ ಕೋಲು ಮಾಡಿದರು. ಅಮೆರಿಕದ ಸಂಗ್ರಾಹಕರು ಗುರುಶಿಷ್ಯ ಪರಂಪರೆಯಂತೆ ಅವರ ವಂಶಾವಳಿ ಹೇಳುತ್ತಾರೆ. ಇಂಗ್ಲೆಂಡಿನಲ್ಲಿ 1872ರಲ್ಲಿ ಆನಿಕ್ ಪಟ್ಟಣದಲ್ಲಿ ಆರಂಭವಾದ ಹಾರ್ಡಿ ಸಹೋದರರ ಸಂಸ್ಥೆ ‘ಪಲಕೋನಾ’ ಎಂಬ ವ್ಯಾಪಾರನಾಮದಲ್ಲಿ ಸೀಳು ಬಿದಿರಿನ ಕೋಲುಗಳನ್ನು ಸಾಮ್ರಾಜ್ಯದ ಉದ್ದಗಲಕ್ಕೂ ಮಾರಿತು.

ಹೀಗೆ ಯಂತ್ರ ರೂಪಿಸಿದವನ ಹೆಸರಿದೆ, ಅಂಟಿಸಿದವನ ಹೆಸರಿದೆ, ಮಾರಿದವನ ಹೆಸರಿದೆ. ಆ ಬಿದಿರು?

ಆರಂಭದ ದಶಕಗಳಲ್ಲಿ ಬಳಕೆಯಾದದ್ದು ಕಲ್ಕತ್ತಾ ಬಿದಿರು. ಸಸ್ಯಶಾಸ್ತ್ರದಲ್ಲಿ ಅದನ್ನು ಡೆಂಡ್ರೊಕಲಾಮಸ್ ಸ್ಟ್ರಿಕ್ಟಸ್ ಎಂದು ಗುರುತಿಸುತ್ತಾರೆ. ಭಾರತದ ಒಣ ಎಲೆಯುದುರುವ ಕಾಡುಗಳಲ್ಲಿ ಬೆಳೆಯುವ, ಒಳಗೆ ಬಹುಪಾಲು ಗಟ್ಟಿಯಾಗಿರುವ ಬಿದಿರು ಇದು. ಕರ್ನಾಟಕದ ಕಾಡುಗಳಲ್ಲೂ ಇದೆ. ಕಲ್ಕತ್ತಾ ಬಿದಿರಿನ ಕೋಲನ್ನು ಗುರುತಿಸಲು ಸಂಗ್ರಾಹಕರಿಗೆ ಒಂದು ಸುಲಭದ ಲಕ್ಷಣವಿದೆ. ಸಿಪ್ಪೆಯ ಮೇಲೆ ಅಲ್ಲಲ್ಲಿ ಕಂದು ಬಣ್ಣದ ಸುಟ್ಟ ಕಲೆಗಳಿರುತ್ತವೆ. ಹಡಗು ಹತ್ತುವ ಮೊದಲು ಯಾರೋ ಆ ಗಳವನ್ನು ಬೆಂಕಿಗೆ ಹಿಡಿದಿದ್ದರು. ಸಂಗ್ರಾಹಕರಿಗೆ ಅದು ಕೋಲಿನ ಕಾಲ ನಿರ್ಣಯಿಸುವ ಸುಳಿವು. ನನಗೆ ಅದು ಸಹಿಯಂತೆ ಕಾಣುತ್ತದೆ. ಬುಡದ ಲೋಹದ ಪಟ್ಟಿಯ ಮೇಲೆ ಕಂಪನಿಯ ಹೆಸರು ಕೆತ್ತಿರುತ್ತದೆ. ಬಿದಿರನ್ನು ಹದ ಮಾಡಿದ ಕೈಯ ಗುರುತು ಎಂದು ಉಳಿದದ್ದು ಆ ಕಲೆ ಮಾತ್ರ.

ಈ ಆಟದ ಇಂಗ್ಲಿಷ್ ಸಾಹಿತ್ಯಕ್ಕೆ ನಮ್ಮ ನೆಲದ ನಂಟೂ ಇದೆ. ಮದ್ರಾಸ್ ಸಿವಿಲ್ ಸರ್ವಿಸ್‌ನ ಅಧಿಕಾರಿ ಎಚ್. ಎಸ್. ಥಾಮಸ್ ಬರೆದ ‘ದ ರಾಡ್ ಇನ್ ಇಂಡಿಯಾ’ 1873ರಲ್ಲಿ ಮೊದಲು ಪ್ರಕಟವಾದದ್ದು ಮಂಗಳೂರಿನಲ್ಲಿ. ದಕ್ಷಿಣ ಕೆನರಾ ಜಿಲ್ಲೆಯ ಮೀನು ಸಾಕಣೆಯ ಬಗ್ಗೆ ಆತ ಅದಕ್ಕೂ ಮೊದಲೇ ವರದಿ ಬರೆದಿದ್ದ. ಮಹಶೀರ್ ಮೀನಿನ ಬೇಟೆಯನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿದ ಪ್ರಮುಖ ಪುಸ್ತಕಗಳಲ್ಲಿ ಇದೊಂದು. ಆದರೆ ಗಾಳದ ವಿನೋದ ಇಂಗ್ಲಿಷರ ಹಡಗಿನಲ್ಲಿ ಇಲ್ಲಿಗೆ ಬಂದದ್ದೇನಲ್ಲ. 12ನೇ ಶತಮಾನದ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ; ಮೀನಿನ ಜಾತಿಗಳು, ಅವಕ್ಕೆ ಹಾಕುವ ಆಹಾರ, ಗಾಳದ ಆಟ ಅಲ್ಲಿ ವಿವರವಾಗಿ ಬರುತ್ತವೆ. ಅದೇ ಶತಮಾನದ ಕಲ್ಯಾಣದಲ್ಲಿ ಬಿದಿರಿನ ಕಾಯಕ ಮಾಡಿದ ಶರಣ ಮೇದರ ಕೇತಯ್ಯನವರು ತಮ್ಮ ಹೆಸರಿನಲ್ಲೇ ಕಸುಬನ್ನು ಉಳಿಸಿದರು. ರಾಜನ ವಿನೋದವೂ ಬಿದಿರು ಸೀಳುವವರ ಹೆಸರೂ ಒಟ್ಟಿಗೆ ದಾಖಲಾದ ಕಾಲ ಅದು. ಏಳು ಶತಮಾನ ಕಳೆದ ಮೇಲೆ ಬಂದ ವ್ಯಾಪಾರದ ದಾಖಲೆಗಳಿಗೆ ಆ ಎರಡನೆಯ ಹೆಸರು ಬೇಕಾಗಲಿಲ್ಲ.

ನಮ್ಮ ನದಿಗಳು ಈ ಕೋಲಿಗೆ ಕಠಿಣ ಪರೀಕ್ಷೆಯೇ ಆಗಿದ್ದವು. ಕಾವೇರಿ, ಕಬಿನಿಗಳ ಮಹಶೀರ್ ಎಂಥ ಮೀನು ಎಂಬುದಕ್ಕೆ ಒಂದು ದಾಖಲೆ ಸಾಕು: 1946ರಲ್ಲಿ ಮೈಸೂರಿನ ಡಿವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕಿಲೋಗ್ರಾಂ ತೂಗಿತು. ಮೀನಿನ ಬಲಕ್ಕಿಂತ ಹವೆಯೇ ಸೀಳು ಬಿದಿರಿಗೆ ದೊಡ್ಡ ಶತ್ರು. ಆರಂಭದ ಕೋಲುಗಳಲ್ಲಿದ್ದದ್ದು ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ತೆಗೆದ ಅಂಟು. ಸೆಖೆ, ತೇವಕ್ಕೆ ಅದು ಬಿಡುತ್ತದೆ. ಹಳೆಯ ಕೋಲುಗಳ ಮೈಮೇಲೆ ಸ್ವಲ್ಪ ಸ್ವಲ್ಪ ದೂರಕ್ಕೆ ಕಾಣುವ ರೇಷ್ಮೆ ದಾರದ ಸುತ್ತುಗಳು ಬರೀ ಅಲಂಕಾರಕ್ಕಲ್ಲ, ಅಂಟು ಬಿಟ್ಟರೂ ಸೀಳುಗಳು ಚದುರದಿರಲಿ ಎಂದು ಕಟ್ಟಿದ ಕಟ್ಟುಗಳು. ನೀರಿಗೆ ಜಗ್ಗದ ಕೃತಕ ಅಂಟು ಬಂದ ಮೇಲೆ ಆ ಸುತ್ತುಗಳು ವಿರಳವಾದವು.

20ನೇ ಶತಮಾನದ ಆರಂಭದ ಹೊತ್ತಿಗೆ ಕಲ್ಕತ್ತಾ ಬಿದಿರಿನ ಜಾಗಕ್ಕೆ ಚೀನಾದ ಬಿದಿರು ಬಂತು. ಅದರ ಗಿಣ್ಣುಗಳ ಅಂತರ ಹೆಚ್ಚು, ಗಳ ನೇರ, ಹೊರ ಪದರದ ನಾರು ದಟ್ಟ. ಗುವಾಂಗ್‌ಡಾಂಗ್‌ನ ಹ್ವಾಯ್‌ಜಿ ಸುತ್ತಮುತ್ತ, ಸುಯ್ ನದಿಯ ದಂಡೆಯ ಗುಡ್ಡಗಳಲ್ಲಿ ಅದು ಬೆಳೆಯುತ್ತದೆ. ಕಡಿದ ಗಳಗಳನ್ನು ಗುಡ್ಡದಿಂದ ಹೊತ್ತು ತಂದು, ನದಿಯಲ್ಲಿ ಮರಳು ಹಾಕಿ ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ, ಬೆಂಕಿಯ ಕಾವಿನಲ್ಲಿ ಡೊಂಕು ತಿದ್ದಿ, ಬಗೆಬಗೆಯಾಗಿ ಆರಿಸಿ ಕಟ್ಟು ಕಟ್ಟುತ್ತಿದ್ದರು. ಊರಿನವರು ಅದನ್ನು ‘ಚಾ ಗಾನ್ ಜೂ’ ಎನ್ನುತ್ತಾರೆ, ಚಹಾ ಕಡ್ಡಿಯ ಬಿದಿರು ಎಂದು ಅರ್ಥ. ಕ್ಯಾಂಟನ್ನಿನ ಲಿಂಗ್ನಾನ್ ವಿಶ್ವವಿದ್ಯಾಲಯದಲ್ಲಿದ್ದ ಅಮೆರಿಕನ್ ಸಸ್ಯವಿಜ್ಞಾನಿ ಎಫ್. ಎ. ಮೆಕ್‌ಕ್ಲೂರ್ 1931ರಲ್ಲಿ ಇದಕ್ಕೆ ‘ಅಮಾಬಿಲಿಸ್’, ಅಂದರೆ ಮನೋಹರವಾದದ್ದು, ಎಂಬ ಶಾಸ್ತ್ರೀಯ ಹೆಸರಿಟ್ಟರು. ಪಶ್ಚಿಮದ ಕಾರ್ಖಾನೆಗಳು ದಶಕಗಳ ಕಾಲ ಬಳಸಿದ ಗಿಡಕ್ಕೆ ವಿಜ್ಞಾನದ ಹೆಸರು ಸಿಕ್ಕಿದ್ದು ಆಗ. ಅಂಗಡಿಯಲ್ಲಿ ಮಾತ್ರ ಅದು ಟಾಂಕಿನ್ ಆಗಿಯೇ ಉಳಿಯಿತು.

ಕಾಣದಂತಿದ್ದ ಈ ಮೂಲ ಒಮ್ಮೆಲೇ ಎಲ್ಲರಿಗೂ ನೆನಪಾದದ್ದು 1950ರಲ್ಲಿ. ಕೊರಿಯಾ ಯುದ್ಧದ ಸಂದರ್ಭದಲ್ಲಿ ಅಮೆರಿಕ ಚೀನಾದ ಸರಕಿಗೆ ನಿರ್ಬಂಧ ಹಾಕಿತು. ಅದು ಸಡಿಲಗೊಂಡದ್ದು 1971ರಲ್ಲಿ. ಆ ಎರಡು ದಶಕಗಳಲ್ಲಿ ಬಿದಿರಿನ ದಾಸ್ತಾನು ಇದ್ದ ತಯಾರಕರು ಉಳಿದರು, ಉಳಿದವರು ಕೈಚೆಲ್ಲಿದರು. ಅಷ್ಟರಲ್ಲಿ ಅಗ್ಗದ ಗ್ಲಾಸ್ ಫೈಬರ್ ಕೋಲುಗಳು ಬಂದಿದ್ದವು. 1970ರ ದಶಕದಲ್ಲಿ ಕಾರ್ಬನ್ ಫೈಬರ್ ಬಂತು. ನ್ಯೂಯಾರ್ಕಿನ ಎಂಜಿನಿಯರ್ ಎವರೆಟ್ ಗ್ಯಾರಿಸನ್ ಬಾಗುವಿಕೆಯ ಗಣಿತವನ್ನು ಲೆಕ್ಕ ಹಾಕಿ ಕೈಯಿಂದಲೇ ಕೋಲು ಮಾಡುತ್ತಿದ್ದ. ಅವನ ವಿಧಾನವನ್ನು ಹೋಗಿ ಕಾರ್ಮೈಕೇಲ್ 1977ರಲ್ಲಿ ಪುಸ್ತಕವಾಗಿ ಹೊರತಂದ ಮೇಲೆ ಬೀಗ ಹಾಕಿದ ಕೋಣೆಯ ಗುಟ್ಟು ಎಲ್ಲರದಾಯಿತು. ಇಂದು ಸೀಳು ಬಿದಿರಿನ ಕೋಲು ಮಾಡುವ ಹವ್ಯಾಸಿಗಳಲ್ಲಿ ಅನೇಕರಿಗೆ ಆ ಪುಸ್ತಕವೇ ಗುರು.

ಇಷ್ಟಾದರೂ ಬಿದಿರಿನ ಕೋಲನ್ನು ಇಂದಿಗೂ ಯಾಕೆ ಬಯಸುತ್ತಾರೆ? ಚಿಕ್ಕಮಗಳೂರು ಕಡೆಯ ತೋಟದ ಮನೆಯೊಂದರಲ್ಲಿ ಅಂಥ ಕೋಲನ್ನು ಹಿಡಿದು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಕಾರ್ಬನ್ ಕೋಲಿಗಿಂತ ಅದು ತೂಕ. ಬೀಸಿದರೆ ತಕ್ಷಣ ಮರಳುವುದಿಲ್ಲ. ತುದಿಯಲ್ಲಿ ಶುರುವಾದ ಬಾಗು ನಿಧಾನವಾಗಿ ಹಿಡಿಯವರೆಗೆ ಇಳಿದು ಮತ್ತೆ ಮೇಲೇರುತ್ತದೆ. ಈ ನಿಧಾನವೇ ಅದರ ಗುಣ. ತೆಳು ದಾರದ ಕೊನೆಯಲ್ಲಿ ಮೀನು ತಟ್ಟನೆ ಎಳೆದಾಗ ಕೋಲು ಬಾಗಿ ಆ ಜಗ್ಗನ್ನು ತಾನೇ ನುಂಗಿಕೊಳ್ಳುತ್ತದೆ, ದಾರ ಕಡಿಯುವುದಿಲ್ಲ. ಸಣ್ಣ ಹೊಳೆಯಲ್ಲಿ, ಹತ್ತಿರದಲ್ಲಿ, ನೊಣವನ್ನು ಮೆಲ್ಲಗೆ ನೀರಿನ ಮೇಲೆ ಇಳಿಸಲು ಇದು ಹೇಳಿ ಮಾಡಿಸಿದ್ದು. ದೂರ ಎಸೆಯಲು, ಗಾಳಿಗೆ ಎದುರಾಗಿ ಬೀಸಲು ಕಾರ್ಬನ್ನೇ ಮೇಲು.

ದೊಡ್ಡ ಮೀನಿಗೆ ಬಿದಿರು ಆಗದು ಎಂದೇನಿಲ್ಲ. ಇಂಗ್ಲೆಂಡಿನ ರಿಚರ್ಡ್ ವಾಕರ್ ತಾನೇ ವಿನ್ಯಾಸ ಮಾಡಿದ 10 ಅಡಿಯ ಸೀಳು ಬಿದಿರಿನ ಕೋಲಿನಿಂದ 1952ರ ಸೆಪ್ಟೆಂಬರಿನಲ್ಲಿ ರೆಡ್‌ಮೈರ್ ಕೊಳದಲ್ಲಿ 44 ಪೌಂಡಿನ ಕಾರ್ಪ್ ಮೀನನ್ನು ಹಿಡಿದ. ಅದನ್ನು ಲಂಡನ್ ಮೃಗಾಲಯಕ್ಕೆ ಕೊಟ್ಟ. ಅಲ್ಲಿ ಅದು ವರ್ಷಗಳ ಕಾಲ ಬದುಕಿತ್ತು. ಕೋಲಿನ ತುದಿಯನ್ನು ಬುಡಕ್ಕೆ ಲಂಬವಾಗುವಷ್ಟು ಬಗ್ಗಿಸಲು ಎಷ್ಟು ತೂಕ ಬೇಕೋ ಅದರಿಂದ ಕೋಲಿನ ಬಲ ಅಳೆಯುವ ಪದ್ಧತಿಯನ್ನು ರೂಢಿಗೆ ತಂದವನೂ ಅವನೇ. ಬಿದಿರಿನ ಗುಣವನ್ನು ಅಳೆಯಲು ಹುಟ್ಟಿದ ಆ ಮಾಪನ ಇಂದು ಕಾರ್ಬನ್ ಕೋಲುಗಳ ಮೇಲೂ ಅಚ್ಚಾಗುತ್ತದೆ.

ಬಿದಿರಿನ ಕೋಲು ಆರೈಕೆ ಬೇಡುತ್ತದೆ. ಒದ್ದೆಯಾದ ಕೋಲನ್ನು ಬಟ್ಟೆಯ ಚೀಲಕ್ಕೆ ಹಾಕಿದರೆ ಬೂಷ್ಟು ಹಿಡಿಯುತ್ತದೆ, ವಾರ್ನಿಷ್ ಏಳುತ್ತದೆ. ಗೋಡೆಗೆ ಓರೆಯಾಗಿ ಆನಿಸಿಟ್ಟರೆ ಬಾಗು ಹಾಗೇ ನಿಂತುಬಿಡುತ್ತದೆ, ನೇರವಾಗಿ ತೂಗುಹಾಕಬೇಕು. ತುಂಡುಗಳನ್ನು ಬಿಡಿಸುವಾಗ ತಿರುಚದೆ ನೇರಕ್ಕೆ ಎಳೆಯಬೇಕು. ನೂರು ವರ್ಷದ ಕೋಲು ಇಂದಿಗೂ ಮೀನು ಹಿಡಿಯುತ್ತಿದ್ದರೆ ಅದಕ್ಕೆ ಈ ಕಾಳಜಿಯೂ ಕಾರಣ.

ಇಂಥ ಕೋಲುಗಳ ಮಾರಾಟದ ವಿವರಣೆಗಳಲ್ಲಿ ತಯಾರಕ, ಮಾದರಿ, ಉದ್ದ, ತುಂಡುಗಳ ಸಂಖ್ಯೆ, ಸ್ಥಿತಿ ಎಲ್ಲವೂ ಇರುತ್ತವೆ. ಬಿದಿರಿನ ಬಗ್ಗೆ ಬಂದರೆ ಒಂದೇ ಪದ, ‘ಕೇನ್’. ಇದನ್ನು ಅನ್ಯಾಯ ಎಂದು ಕೂಗುವುದು ಸುಲಭ, ಆದರೆ ಸಂಶೋಧಕಿಯಾಗಿ ನನಗೆ ಅದರಿಂದ ಪ್ರಯೋಜನವಿಲ್ಲ. ಬಿದಿರು ಕಡಿದವರ, ಮರಳಿನಲ್ಲಿ ಉಜ್ಜಿದವರ ಹೆಸರುಗಳು ಯಾವ ಕಡತದಲ್ಲೂ ಸಿಗದಿರಬಹುದು. ಆದರೆ ಅವರ ಕೆಲಸ ವಸ್ತುವಿನಲ್ಲಿದೆ: ಸುಟ್ಟ ಕಲೆಯಲ್ಲಿ, ತಿದ್ದಿದ ಡೊಂಕಿನಲ್ಲಿ, ಯಾವ ಗಳ ಯಾವುದಕ್ಕೆ ಎಂಬ ಆಯ್ಕೆಯಲ್ಲಿ. ಕಡತ ಸುಮ್ಮನಿರುವಲ್ಲಿ ವಸ್ತುವನ್ನು ಓದಲು ಕಲಿಯಬೇಕಾಗಿದೆ. ಹಾಗೆ ಓದಿದಾಗ, ಆರು ಸೀಳುಗಳನ್ನು ಅಂಟಿಸಿದವನು ಆ ಕೋಲನ್ನು ಮಾಡಿದವರಲ್ಲಿ ಕೊನೆಯವನು ಎಂಬುದಷ್ಟು ಸ್ಪಷ್ಟವಾಗುತ್ತದೆ. ಚರಿತ್ರೆಯನ್ನು ಬರೆಯುವಾಗ ಮೊದಲಿನವರಿಂದ ಶುರುಮಾಡುವುದು ನಮ್ಮ ಕೈಯಲ್ಲಿದೆ.