ನೀರಿನ ಅಂಕಣದಲ್ಲಿ ಏನು ಬರೆಯಲಿ?

ನಾನು ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಪ್ರತಿ ಭಾನುವಾರ ಮಂಡ್ಯ ಜಿಲ್ಲೆಯ ನಮ್ಮೂರಿಂದ ಅಪ್ಪ ಫೋನ್ ಮಾಡುತ್ತಾರೆ. ಒಂದು ಬೇಸಿಗೆಯಲ್ಲಿ ಹೇಳಿದರು: "ಎರಡನೇ ಬೋರೂ ಬತ್ತಿಹೋಯ್ತು ಮಗಳೇ. ಕಬ್ಬು ಒಣಗ್ತಿದೆ. ಇನ್ನೊಂದು ಕೊರೆಸೋಣ್ವಾ?" ನಮ್ಮ ಜಮೀನು ನಾಲೆಯ ಕಟ್ಟಕಡೆಯಲ್ಲಿದೆ. ಮೇಲಿನವರ ಗದ್ದೆ ತುಂಬಿದ ಮೇಲಷ್ಟೇ ನಮ್ಮ ಸರದಿ.

ಹಣ ಕಳಿಸುವ ಮೊದಲು ಅಭ್ಯಾಸಬಲದಿಂದ ಎಕ್ಸೆಲ್ ತೆರೆದೆ. ಬಿತ್ತನೆ, ಗೊಬ್ಬರ, ಕೂಲಿ, ಸಾಗಣೆ ಎಲ್ಲಕ್ಕೂ ಅಂಕಿ ಸಿಕ್ಕಿತು. ನೀರಿನ ಅಂಕಣ ಮಾತ್ರ ಖಾಲಿ ಉಳಿಯಿತು. ಅದಕ್ಕೆ ಉತ್ತರ ಹುಡುಕಲು ಹೊರಟವಳಿಗೆ ಸಿಕ್ಕಿದ್ದು ಪುಣೆಯ ಸುತ್ತಲಿನ ಇತಿಹಾಸ.

1876-78ರ ಭೀಕರ ಬರದ ನಂತರ ಬ್ರಿಟಿಷ್ ಸರಕಾರ ಇಲ್ಲಿ ನೀರಾ ಎಡದಂಡೆ ಕಾಲುವೆ ತೋಡಿಸಿತು. ಬರ ಬಂದಾಗ ಜೋಳದ ಬೆಳೆ ಉಳಿಯಲಿ ಎಂಬುದು ಉದ್ದೇಶ. ಆದರೆ ಮಳೆ ಚೆನ್ನಾಗಿ ಬಂದ ವರ್ಷ ಜೋಳದ ರೈತ ದುಡ್ಡು ಕೊಟ್ಟು ನೀರು ಏಕೆ ಕೊಂಡಾನು? ವರ್ಷವಿಡೀ ನೀರು ಬೇಕಿದ್ದುದು ಕಬ್ಬಿಗೆ. ಹೀಗೆ ಬರಕ್ಕೆಂದು ತೋಡಿದ ಕಾಲುವೆ ಕಬ್ಬಿನ ಕಾಲುವೆಯಾಯಿತು. ನೀರಿನ ದರವನ್ನು ಬೆಳೆ ಮತ್ತು ಎಕರೆ ನೋಡಿ ನಿಗದಿ ಮಾಡುತ್ತಿದ್ದರೇ ಹೊರತು ಹರಿದ ನೀರನ್ನು ಅಳೆದಲ್ಲ. ಒಮ್ಮೆ ದರ ಕಟ್ಟಿದವನಿಗೆ ಮುಂದಿನ ಹನಿಯೆಲ್ಲ ಪುಕ್ಕಟೆ! ಅತಿ ನೀರಿನಿಂದ ಕಣಿವೆಯಲ್ಲಿ ಜೌಗು ಹೆಚ್ಚಿ, ಭೂಮಿ ಉಪ್ಪಾಯಿತು. ಪುಣೆ ಕೃಷಿ ಕಾಲೇಜಿನ ಹೆರಾಲ್ಡ್ ಮ್ಯಾನ್ 1910ರಲ್ಲೇ ಈ ಉಪ್ಪು ನೆಲದ ಬಗ್ಗೆ ಬರೆದಿದ್ದಾರೆ.

ಈ ದೋಷವನ್ನು ಅದಕ್ಕೂ ಮೊದಲೇ ಗುರುತಿಸಿದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. 1883ರಲ್ಲಿ ಪುಣೆಯಲ್ಲೇ ಎಂಜಿನಿಯರಿಂಗ್ ಮುಗಿಸಿ, ಮುಂಬಯಿ ಪ್ರಾಂತ್ಯದ ಸೇವೆಗೆ ಸೇರಿದ್ದರು. ಖಡಕ್‌ವಾಸಲಾದ ಸ್ವಯಂಚಾಲಿತ ಬಾಗಿಲುಗಳು ನಮಗೆಲ್ಲ ಗೊತ್ತು. ಅವರ 'ಬ್ಲಾಕ್ ಪದ್ಧತಿ' ಅಷ್ಟು ಗೊತ್ತಿಲ್ಲ. ಕಾಲುವೆಯ ನೀರು ತಲೆಭಾಗದ ಕೆಲವೇ ಊರುಗಳಲ್ಲಿ ಇಂಗಿಹೋಗದೆ ಹೆಚ್ಚು ಹಳ್ಳಿಗಳಿಗೆ ಹಂಚಿಕೆಯಾಗಬೇಕು. ಪ್ರತಿ ಬ್ಲಾಕಿನಲ್ಲಿ ಮೂರನೇ ಒಂದು ಭಾಗ ಮಾತ್ರ ಕಬ್ಬು, ಉಳಿದದ್ದು ಕಡಿಮೆ ನೀರಿನ ಬೆಳೆ, ಅದೂ ಸರದಿಯಲ್ಲಿ. ಒಬ್ಬನ ಹೊಲದಲ್ಲಿ ಅತಿಯಾದ ನೀರು ಇನ್ನೊಬ್ಬನ ಹೊಲದಲ್ಲಿ ಬೆಳೆಯಾಗಬಲ್ಲದು ಎಂಬ ಲೆಕ್ಕವಿದು. ಕಬ್ಬಿನ ರೈತರಿಗೆ ಇದು ರುಚಿಸಲಿಲ್ಲ.

ಏಳು ದಶಕಗಳ ನಂತರ, 1972ರ ಬರ. ಪುಣೆಯ ಪಕ್ಕದ ಪುರಂದರ ತಾಲ್ಲೂಕಿನ ನಾಯಗಾಂವ್‌ನಲ್ಲಿ ವಿಲಾಸರಾವ್ ಸಾಳುಂಕೆ ಎಂಬ ಎಂಜಿನಿಯರ್ ಮತ್ತೊಂದು ಲೆಕ್ಕ ಹಾಕಿದರು. ಅವರ 'ಪಾನಿ ಪಂಚಾಯತ್'ನಲ್ಲಿ ನೀರಿನ ಪಾಲು ಜಮೀನಿಗಲ್ಲ, ಮನುಷ್ಯರಿಗೆ: ತಲೆಗೆ ಅರ್ಧ ಎಕರೆಯಂತೆ, ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಗೆ. ಭೂಮಿಯಿಲ್ಲದವರಿಗೂ ಪಾಲು. ವೆಚ್ಚದ ಐದನೇ ಒಂದು ಭಾಗ ರೈತರದೇ. ಕಬ್ಬಿಗೆ ಅವಕಾಶವೇ ಇಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅಪ್ಪ ಮೌನವಾದರು. "ಕಬ್ಬಾದ್ರೆ ಫ್ಯಾಕ್ಟರಿ ಕೊಳ್ಳುತ್ತೆ. ರಾಗಿಗೆ ಗಿರಾಕಿ ಯಾರು?" ಎಂದರು. ಅದೂ ನಿಜವೇ. ಬೆಲೆಯ ಭರವಸೆಯಿಲ್ಲದೆ ಬೆಳೆ ಬದಲಿಸಿ ಎನ್ನುವುದು ಪುಣೆಯಲ್ಲಿ ಕುಳಿತವಳಿಗೆ ಸುಲಭ. ಆಗ ಅಮ್ಮ ಫೋನ್ ತೆಗೆದುಕೊಂಡರು. "ರಾತ್ರಿ ಎರಡು ಗಂಟೆಗೆ ಕರೆಂಟ್ ಬಂದ್ರೆ ಎದ್ದು ನೀರು ತಿರುಗಿಸೋಳು ನಾನು. ನಿನ್ನ ಲೆಕ್ಕದಲ್ಲಿ ಅದಿದೆಯಾ?"

ಇರಲಿಲ್ಲ. ಮನೆಗೆಲಸದ ಹಾಗೆ, ನೀರಿನ ಹಾಗೆ, ಅದೂ ಪುಕ್ಕಟೆ ಎಂದೇ ನಾನೂ ಭಾವಿಸಿದ್ದೆ. ಎಂಟೆಕ್ ಓದಿದ ಮಗಳಿಗೆ ನಾಚಿಕೆಯಾಯಿತು.

ಮೂರನೇ ಬೋರ್ ಕೊರೆಸಲಿಲ್ಲ. ಆ ಹಣದಲ್ಲಿ ಅರ್ಧ ಹನಿ ನೀರಾವರಿಗೆ ಹೋಯಿತು. ಈಗ ಮೂರನೇ ಒಂದು ಭಾಗ ಕಬ್ಬು, ಉಳಿದದ್ದರಲ್ಲಿ ರಾಗಿ, ಅವರೆ. ಲಾಭ ಹೆಚ್ಚಿತೆಂದು ಹೇಳಲಾರೆ, ಸಾಲ ಹೆಚ್ಚಿಲ್ಲ. ಅಮ್ಮ ರಾತ್ರಿ ನಿದ್ದೆ ಮಾಡುತ್ತಿದ್ದಾರೆ.

ಗೆಳತಿಯರೇ, ನಮ್ಮಲ್ಲಿ ಬಹುತೇಕರಿಗೆ ಊರಿನಲ್ಲಿ ತುಂಡು ಜಮೀನಾದರೂ ಇದೆ. ಮುಂದಿನ ಸಲ ಹಣ ಕಳಿಸುವಾಗ ನೀರಿನ ಅಂಕಣವನ್ನು ಖಾಲಿ ಬಿಡಬೇಡಿ. ಅದನ್ನು ಹರಿಸುವ ಕೈ ಯಾರದೆಂದೂ ಒಮ್ಮೆ ಕೇಳಿ.